ಹುಟ್ಟುವುದು, ಹರಡುವುದು

ನಾಲ್ಕು ವರ್ಷಗಳ ಹಿಂದೆ ನನ್ನ ಅಕ್ಕನಿಗೆ ಎದೆಯ ಗಡ್ಡೆಯ ಶಸ್ತ್ರಚಿಕಿತ್ಸೆಯಾಯಿತು. ತೆಗೆದ ಗಡ್ಡೆಯನ್ನೂ ಕಂಕುಳಿನ ಕೆಲವು ಗ್ರಂಥಿಗಳನ್ನೂ ಪರೀಕ್ಷೆಗೆ ಕಳಿಸಿ, ವರದಿ ಬರುವುದಕ್ಕೆ ಹತ್ತು ದಿನ ಹಿಡಿಯುತ್ತದೆ ಎಂದರು. ಆ ಹತ್ತು ದಿನಗಳಲ್ಲಿ ಮನೆಗೆ ಬಂದವರು, ಟೆಲಿಫೋನಿನಲ್ಲಿ ವಿಚಾರಿಸಿದವರು, ದಾರಿಯಲ್ಲಿ ಸಿಕ್ಕವರು, ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಹರಡಿದೆಯೆ?" ಕೆಲವರು ಧ್ವನಿ ತಗ್ಗಿಸಿ ಕೇಳಿದರು, ಕೆಲವರು ಮಾತನ್ನು ಅರ್ಧಕ್ಕೆ ಬಿಟ್ಟು ಕಣ್ಣಿನಲ್ಲೇ ಮುಗಿಸಿದರು. ನಾನೂ ವೈದ್ಯರನ್ನು ಮೊದಲು ಕೇಳಿದ್ದು ಅದನ್ನೇ. ರೋಗ ಹುಟ್ಟಿದೆಯೆಂಬುದನ್ನು ನಾವೆಲ್ಲ ಎರಡು ದಿನಗಳಲ್ಲಿ ಒಪ್ಪಿಕೊಂಡುಬಿಟ್ಟಿದ್ದೆವು. ಅದು ಹುಟ್ಟಿದಲ್ಲೇ ಇದ್ದರೆ ಸಾಕು ಎನ್ನುವಷ್ಟಕ್ಕೆ ನಮ್ಮ ಆಸೆ ಇಳಿದಿತ್ತು.

ನಿದ್ರೆ ಬಾರದ ರಾತ್ರಿಗಳಲ್ಲಿ ಈ ಪ್ರಶ್ನೆಯೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಬೇರೆ ವಿಷಯಗಳಲ್ಲಿ ನಾವು ಹೀಗೆ ಕೇಳುವವರಲ್ಲ. ಮನುಷ್ಯನ ದುರ್ಗುಣಗಳ ಮಾತು ಬಂದಾಗ, ಅದು ಇದೆಯೋ ಇಲ್ಲವೋ ಎಂಬುದೇ ನಮ್ಮ ಮುಖ್ಯ ವಿಚಾರ. ಮನಸ್ಸಿನಲ್ಲಿ ಅಸೂಯೆ ಇದ್ದವನು ಅಸೂಯಾಪರ. ಅದು ಎಷ್ಟು ದೂರ ಹೋಯಿತೆಂದು ಯಾರೂ ಅಳೆಯಹೋಗುವುದಿಲ್ಲ. ಕಾಮಕ್ರೋಧಗಳನ್ನು ಬೇರುಸಹಿತ ಕಿತ್ತುಹಾಕು ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಇದ್ದರೂ ಇರಲಿ, ಇದ್ದಲ್ಲೇ ಇರಲಿ ಎಂದು ಹೇಳಿದ ಗುರುಗಳು ನನಗಂತೂ ಸಿಗಲಿಲ್ಲ. ಹಾಗೆ ಹೇಳದಿರುವುದಕ್ಕೆ ಕಾರಣ ನಮ್ಮ ಗಾದೆಯಲ್ಲೇ ಇದೆ: ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಹುಟ್ಟಿದ್ದು ಹರಡಿಯೇ ತೀರುತ್ತದೆ; ಆದುದರಿಂದ ಹುಟ್ಟದಂತೆ ನೋಡಿಕೊಳ್ಳುವುದೊಂದೇ ದಾರಿ ಎಂಬುದು ಅದರ ತರ್ಕ.

ಕ್ಯಾನ್ಸರಿನ ವಿಷಯದಲ್ಲಿ ಈ ಗಾದೆ ನಿಜವೇ ಎಂದು ತಿಳಿಯಲು ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ನಾನು ವಿಜ್ಞಾನಿಯಲ್ಲ, ಕಾಲೇಜಿನಲ್ಲಿ ಓದಿದ್ದು ಅರ್ಥಶಾಸ್ತ್ರ, ಬದುಕಿದ್ದು ಕಡತಗಳ ನಡುವೆ. ಆದರೆ ಮನೆಗೆ ರೋಗ ಬಂದರೆ ಎಂಥವನೂ ವಿದ್ಯಾರ್ಥಿಯಾಗುತ್ತಾನೆ. ಓದಿದ್ದರಲ್ಲಿ ಮೊದಲು ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಇದು: ಕ್ಯಾನ್ಸರ್ ಕೋಶಕ್ಕೆ ಹರಡುವುದು ಸುಲಭವಲ್ಲ. ಅದು ತನ್ನ ಗಡ್ಡೆಯಿಂದ ಕಳಚಿಕೊಳ್ಳಬೇಕು, ಸುತ್ತಲಿನ ಪದರವನ್ನು ಕೊರೆಯಬೇಕು, ರಕ್ತನಾಳದೊಳಕ್ಕೆ ನುಸುಳಬೇಕು, ಅಲ್ಲಿನ ರಭಸವನ್ನೂ ದೇಹದ ಕಾವಲುಗಾರರನ್ನೂ ತಪ್ಪಿಸಿಕೊಂಡು ದೂರದ ಇನ್ನೊಂದು ಅಂಗದಲ್ಲಿ ಇಳಿಯಬೇಕು, ಇಳಿದ ಮೇಲೆ ಪರಸ್ಥಳದಲ್ಲಿ ಬದುಕಿ ಸಂಸಾರ ಹೂಡಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಪ್ರಯಾಣ ವ್ಯರ್ಥ. 1970ರಲ್ಲಿ ಐಸಯ ಫಿಡ್ಲರ್ ಎಂಬ ವಿಜ್ಞಾನಿ ಕ್ಯಾನ್ಸರ್ ಕೋಶಗಳಿಗೆ ವಿಕಿರಣದ ಗುರುತು ಹಚ್ಚಿ ಇಲಿಗಳ ರಕ್ತಕ್ಕೆ ಬಿಟ್ಟು ನೋಡಿದ. ಎರಡು ವಾರಗಳಾಗುವ ಹೊತ್ತಿಗೆ ನೂರಕ್ಕೆ ಒಂದು ಕೂಡ ಉಳಿದಿರಲಿಲ್ಲ. ಊರಿಗೆ ಬಂದವರಲ್ಲಿ ಬಹುಮಂದಿ ನೀರಿಗೆ ಬರುವ ಮೊದಲೇ ಸಾಯುತ್ತಾರೆ ಎಂದಾಯಿತು.

ಉಳಿದವು ಎಲ್ಲೆಂದರಲ್ಲಿ ಬೇರೂರುವುದೂ ಇಲ್ಲ. ಇದನ್ನು ಬಹಳ ಹಿಂದೆಯೇ, 1889ರಲ್ಲಿ, ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯ ಗಮನಿಸಿದ್ದ. ಎದೆಯ ಕ್ಯಾನ್ಸರಿನಿಂದ ಸತ್ತ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ರೋಗವು ಪಿತ್ತಜನಕಾಂಗಕ್ಕೆ ಹೋದಷ್ಟು ಗುಲ್ಮಕ್ಕೆ ಹೋಗುವುದಿಲ್ಲವೆಂದು ತೋರಿಸಿದ. ರಕ್ತವೇನೋ ಎರಡಕ್ಕೂ ಹರಿಯುತ್ತದೆ. ಗಿಡದ ಬೀಜ ಎಲ್ಲ ಕಡೆಗೂ ಹಾರುತ್ತದೆ, ಆದರೆ ಒಪ್ಪುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಅವನ ವಿವರಣೆ. ನಮ್ಮ ರೈತನಿಗೆ ಇದನ್ನು ಹೇಳಿದರೆ, ಇಷ್ಟನ್ನು ತಿಳಿಯಲು ಅಷ್ಟು ಹೆಣ ಬೇಕಾಯಿತೇ ಎಂದು ಕೇಳಿಯಾನು.

ಇದಕ್ಕಿಂತ ಹೆಚ್ಚಿನ ಬೆರಗು ಮುಂದೆ ಕಾದಿತ್ತು. ಗಡ್ಡೆ ಹುಟ್ಟದಂತೆ ತಡೆಯುವ ಜೀನುಗಳು ಕೋಶದಲ್ಲಿವೆ ಎಂಬುದನ್ನು ನಾನು ಪತ್ರಿಕೆಗಳಲ್ಲಿ ಓದಿದ್ದೆ. ಕೋಶ ಅಂಕೆ ಮೀರಿ ಇಬ್ಭಾಗವಾಗುತ್ತ ಹೋಗದಂತೆ ಅವು ಹಿಡಿದಿಡುತ್ತವೆ. ಆದರೆ ಅವುಗಳ ಜೊತೆಗೆ ಇನ್ನೊಂದು ಜಾತಿಯ ಜೀನುಗಳೂ ಉಂಟು. ಗಡ್ಡೆ ಹುಟ್ಟುವುದನ್ನಾಗಲಿ ಬೆಳೆಯುವುದನ್ನಾಗಲಿ ಇವು ತಡೆಯುವುದಿಲ್ಲ. ಗಡ್ಡೆ ತನ್ನ ಪಾಡಿಗೆ ತಾನು ದಪ್ಪವಾಗುತ್ತದೆ. ಅದರ ಕೋಶಗಳು ದೂರದ ಅಂಗಗಳಲ್ಲಿ ನೆಲೆಯೂರದಂತೆ ಮಾತ್ರ ಇವು ನೋಡಿಕೊಳ್ಳುತ್ತವೆ. ಹರಡುವಿಕೆಯನ್ನು ತಡೆಯುವ ಜೀನುಗಳು ಎಂದೇ ಇವುಗಳ ಹೆಸರು.

ಇವುಗಳಲ್ಲಿ ಮೊದಲನೆಯದನ್ನು 1988ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಪೆಟ್ರೀಷಿಯ ಸ್ಟೀಗ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಅವರು ಇಲಿಯ ಒಂದೇ ಚರ್ಮದ ಕ್ಯಾನ್ಸರಿನಿಂದ ಬಂದ ಎರಡು ಬಗೆಯ ಕೋಶಸಂತತಿಗಳನ್ನು ಇಟ್ಟುಕೊಂಡಿದ್ದರು. ಒಂದು ಬಹಳ ಹರಡುವಂಥದು, ಇನ್ನೊಂದು ಅಷ್ಟಾಗಿ ಹರಡದು. ಒಂದೇ ತಾಯಿಯ ಮಕ್ಕಳಲ್ಲಿ ಈ ಭೇದ ಏಕೆ ಎಂದು ಹುಡುಕಿದಾಗ, ಹರಡದ ಕೋಶಗಳಲ್ಲಿ ಒಂದು ಜೀನು ಗಟ್ಟಿಯಾಗಿ ಮಾತನಾಡುತ್ತಿತ್ತು. ಹರಡುವ ಕೋಶಗಳಲ್ಲಿ ಅದರ ಧ್ವನಿ ಉಡುಗಿತ್ತು. ಅದಕ್ಕೆ ಎನ್‌ಎಂ23 ಎಂದು ಹೆಸರಿಟ್ಟರು. 1991ರಲ್ಲಿ ಆ ಜೀನನ್ನು ಹರಡುವ ಕೋಶಗಳೊಳಕ್ಕೆ ಸೇರಿಸಿ ನೋಡಿದಾಗ ಅವುಗಳ ಹರಡುವಿಕೆ ಕುಗ್ಗಿತು.

1995ರಲ್ಲಿ ಇನ್ನೊಂದು ಸಿಕ್ಕಿತು. ಕ್ಯಾನ್ಸರ್ ವಿರೋಧಿ ಎಂಬರ್ಥದ ಚೀನೀ ಮಾತನ್ನು ಮೊಟಕುಮಾಡಿ ಅದಕ್ಕೆ 'ಕೈ' ಎಂದು ಕರೆದರು. ಕನ್ನಡ ಕಿವಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೇ? ಮರುವರ್ಷ, 1996ರಲ್ಲಿ, ಪೆನ್ಸಿಲ್ವೇನಿಯದ ಹರ್ಷಿ ಎಂಬ ಊರಿನಲ್ಲಿ ಮತ್ತೊಂದು ಬೆಳಕಿಗೆ ಬಂತು. ಆ ಊರು ಮುತ್ತು ಎಂಬ ಹೆಸರಿನ ಚಾಕಲೇಟಿಗೆ ಪ್ರಸಿದ್ಧ. ಜೀನಿಗೂ ಕಿಸ್ ಎಂದೇ ಹೆಸರಿಟ್ಟುಬಿಟ್ಟರು. ಇದರ ಶೋಧದಲ್ಲೊಂದು ತಮಾಷೆಯಿದೆ. ಮನುಷ್ಯನ 6ನೆಯ ವರ್ಣತಂತುವನ್ನು ಕ್ಯಾನ್ಸರ್ ಕೋಶಕ್ಕೆ ಸೇರಿಸಿದಾಗ ಹರಡುವಿಕೆ ನಿಂತಿತ್ತು. ಜೀನನ್ನು ಹುಡುಕಿ ತೆಗೆದರೆ ಅದು ಇದ್ದದ್ದು 1ನೆಯ ವರ್ಣತಂತುವಿನಲ್ಲಿ! ಅದನ್ನು ಮಾತನಾಡಿಸುವವರು ಆರನೆಯ ಮನೆಯಲ್ಲಿದ್ದರು, ಮಾತನಾಡುವುದು ಒಂದನೆಯ ಮನೆಯಲ್ಲಿತ್ತು. ಈ ಕಿಸ್ ಜೀನು ಕೋಶಗಳು ಗಡ್ಡೆ ಬಿಟ್ಟು ಹೋಗುವುದನ್ನು ತಡೆಯುವುದಿಲ್ಲವೆಂದೂ ಮುಂದೆ ತಿಳಿಯಿತು. ಅವು ಹೊರಡುತ್ತವೆ, ಶ್ವಾಸಕೋಶವನ್ನೂ ಮುಟ್ಟುತ್ತವೆ. ಆದರೆ ಮುಟ್ಟಿದ ಮೇಲೆ ಬೆಳೆಯದೆ ಒಂಟಿಯಾಗಿ ಕುಳಿತಿರುತ್ತವೆ. ಇಲ್ಲಿ ಊರು ದಾಟಿದ ಮೇಲೂ ತಡೆ ಉಂಟು.

ಇದನ್ನು ಓದುತ್ತಿದ್ದಾಗ ನನಗೆ ಶಮ, ದಮ ಎಂಬ ಎರಡು ಹಳೆಯ ಮಾತುಗಳು ನೆನಪಾದವು. ನಮ್ಮ ವೇದಾಂತಿಗಳು ಸಾಧಕನಿಗೆ ಹೇಳಿದ ಗುಣಗಳ ಪಟ್ಟಿಯಲ್ಲಿ ಇವೆರಡೂ ಬೇರೆ ಬೇರೆ ಬರುತ್ತವೆ. ಶಮ ಎಂದರೆ ಒಳಗಿನ ಮನಸ್ಸೇ ಅಡಗುವುದು. ದಮ ಎಂದರೆ ಹೊರಕ್ಕೆ ಓಡುವ ಇಂದ್ರಿಯಗಳನ್ನು ತಡೆಯುವುದು. ಶಮ ದೊರೆತರೆ ದಮಕ್ಕೆ ಕೆಲಸವೇನು ಎಂದು ನಾನು ಹಿಂದೆ ಅಂದುಕೊಳ್ಳುತ್ತಿದ್ದೆ. ದಮವೆಂದರೆ ಎರಡನೆಯ ದರ್ಜೆಯ ಗುಣ, ಶಮ ಕೈಗೂಡದವರ ಸಮಾಧಾನ, ಎಂದು ನನ್ನ ಭಾವನೆ. ಈಗ ನೋಡಿದರೆ ದೇಹ ತನ್ನ ರಕ್ಷಣೆಯನ್ನು ಒಂದೇ ಬಾಗಿಲಿಗೆ ಒಪ್ಪಿಸಿಲ್ಲ. ಕ್ಯಾನ್ಸರಿನಿಂದ ಸಾಯುವವರಲ್ಲಿ ಹೆಚ್ಚು ಮಂದಿ ಸಾಯುವುದು ಹುಟ್ಟಿದ ಗಡ್ಡೆಯಿಂದಲ್ಲ, ಹರಡಿದ್ದರಿಂದ. ಎಂದ ಮೇಲೆ ಎರಡನೆಯ ಬಾಗಿಲಿನ ಕಾವಲನ್ನು ಕೀಳೆನ್ನುವಂತಿಲ್ಲ.

ಇಲ್ಲಿ ನನ್ನ ಸ್ವಂತ ಕಥೆಯೊಂದನ್ನು ಹೇಳದೆ ಗತ್ಯಂತರವಿಲ್ಲ. ಮೂವತ್ತು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ನನಗಿಂತ ಐದು ವರ್ಷ ಕಿರಿಯರಾದ ಒಬ್ಬರಿಗೆ ನನಗಿಂತ ಮೊದಲು ಬಡ್ತಿ ಬಂತು. ನನಗೆ ಹೊಟ್ಟೆಕಿಚ್ಚಾಯಿತು. ಅದು ಎರಡು ವರ್ಷ ನನ್ನೊಳಗೇ ಇದ್ದು, ನನ್ನ ಊಟ ನಿದ್ದೆಗಳನ್ನು ಕೆಡಿಸಿತೇ ಹೊರತು ಬೇರೆಯವರಿಗೆ ಏನೂ ಮಾಡಲಿಲ್ಲ. ಒಂದು ಸಂಜೆ ಕಾಫಿ ಕುಡಿಯುತ್ತ ಪಕ್ಕದಲ್ಲಿದ್ದ ಸ್ನೇಹಿತರಿಗೆ, "ಅವರ ಲೆಕ್ಕದಲ್ಲಿ ಏನೋ ಹೆಚ್ಚುಕಡಿಮೆ ಇದೆಯಂತೆ" ಎಂದೆ. ಆ 'ಅಂತೆ' ನನ್ನ ಸ್ವಂತ ಸೃಷ್ಟಿ. ಹದಿನೈದು ದಿನಗಳಲ್ಲಿ ಅದು ಮೇಲಧಿಕಾರಿಗಳವರೆಗೆ ಹೋಗಿ, ವಿಚಾರಣೆಯಾಗಿ, ಏನೂ ತಪ್ಪು ಸಿಗದೆ, ಆದರೂ 'ಬೇಡದ ಮಾತಿಗೆ ಎಡೆ' ಎಂದು ಅವರನ್ನು ದೂರದ ಊರಿಗೆ ವರ್ಗ ಮಾಡಿದರು. ಮಗಳ ಓದು ನಡುವೆ ನಿಂತಿತೆಂದು ಆಮೇಲೆ ಕೇಳಿದೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಹೋಗಲಿಲ್ಲ, ಹೋದಹೋದಲ್ಲಿ ಬೆಳೆಯಿತು.

ನಮ್ಮ ಕಚೇರಿಯಲ್ಲಿ ಹಿರಿಯ ಗುಮಾಸ್ತರೊಬ್ಬರಿದ್ದರು. ಯಾರಾದರೂ ಯಾರ ಮೇಲಾದರೂ ಮಾತು ತಂದರೆ, ತಲೆಯೆತ್ತದೆ, "ತಾವು ಕಣ್ಣಾರೆ ಕಂಡಿರೋ?" ಎಂದು ಕೇಳಿ ಬರೆಯುವುದನ್ನು ಮುಂದುವರಿಸುತ್ತಿದ್ದರು. ಅಷ್ಟಕ್ಕೇ ಆ ಮಾತು ಅವರ ಮೇಜಿನ ಮೇಲೆ ಸತ್ತುಹೋಗುತ್ತಿತ್ತು. ನಾನು ಬಾಯಿಬಿಟ್ಟ ದಿನ ಅವರು ರಜೆಯಲ್ಲಿದ್ದರು. ಅವರಿದ್ದಿದ್ದರೆ ಏನಾಗುತ್ತಿತ್ತೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. 'ಕೈ' ಜೀನಿನ ಬಗೆಗೆ 2006ರಲ್ಲಿ ಪ್ರಕಟವಾದ ಒಂದು ಸಂಶೋಧನೆಯನ್ನು ಓದಿದಾಗ ಅವರ ಬಗ್ಗಿದ ತಲೆ ನನ್ನ ಕಣ್ಣೆದುರಿಗೆ ಬಂತು. ಈ ಜೀನು ತಯಾರಿಸುವ ಪ್ರೋಟೀನು ಕೋಶದ ಹೊರಮೈ ಮೇಲೆ ಇರುತ್ತದೆ. ಅಂಥ ಕೋಶ ರಕ್ತನಾಳಕ್ಕೆ ನುಗ್ಗಿದಾಗ, ನಾಳದ ಗೋಡೆಯ ಮೇಲಿರುವ ಡಫಿ ಎಂಬ ಇನ್ನೊಂದು ಪ್ರೋಟೀನು ಅದರ ಕೈಹಿಡಿಯುತ್ತದೆ. ಆ ಸ್ಪರ್ಶದಿಂದ ಕ್ಯಾನ್ಸರ್ ಕೋಶ ಬೆಳವಣಿಗೆ ನಿಲ್ಲಿಸಿ ಮುದಿಯಾಗುತ್ತದೆ. ಗೋಡೆಯ ಮೇಲೆ ಡಫಿ ಇಲ್ಲದ ಇಲಿಗಳಲ್ಲಿ 'ಕೈ' ಇದ್ದ ಕೋಶವೂ ಹರಡಿತು. ತಡೆಯುವ ಶಕ್ತಿ ಕೋಶದೊಳಗೆ ಇದ್ದರೆ ಸಾಲದು, ಎದುರಿಗೊಂದು ಗೋಡೆಯೂ ಬೇಕು.

ಇದೆಲ್ಲ ನನಗೆ ಎಷ್ಟು ಹಿಡಿಸಿತೆಂದರೆ, ಒಂದು ಮಧ್ಯಾಹ್ನ ಅಕ್ಕನ ಹಾಸಿಗೆಯ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ವಿವರಿಸಿಬಿಟ್ಟೆ. ಜೀನು, ಶಮ, ದಮ, ಹಿರಿಯ ಗುಮಾಸ್ತರು, ಯಾವುದನ್ನೂ ಬಿಡಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು:

"ಗಡ್ಡೆ ಬಂದದ್ದು ನನಗೆ ಕಣೋ. ತಪ್ಪು ಮಾಡಿದ್ದು ನೀನು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ."

ನನ್ನ ಮುಖ ಸಣ್ಣದಾಯಿತು. ಅವಳು ಹೇಳಿದ್ದು ನ್ಯಾಯ. ಆ ವಾರವಷ್ಟೇ ಬಂದ ನೆಂಟರೊಬ್ಬರು, ಮನಸ್ಸಿನ ಕೊರಗನ್ನು ನುಂಗಿಕೊಂಡವರಿಗೆ ಈ ರೋಗ ಬರುತ್ತದೆ ಎಂದು ಹೇಳಿ ಹೋಗಿದ್ದರು. ಮತ್ತೊಬ್ಬರು ಪೂರ್ವಜನ್ಮದ ಲೆಕ್ಕ ತೆಗೆದಿದ್ದರು. ಅವರನ್ನು ಮನಸ್ಸಿನಲ್ಲೇ ಬೈದಿದ್ದ ನಾನು ಇನ್ನೊಂದು ದಾರಿಯಿಂದ ಅವರ ಪಕ್ಕದಲ್ಲೇ ಬಂದು ನಿಂತಿದ್ದೆ. ಕೋಶಕ್ಕೆ ಮನಸ್ಸಿಲ್ಲ. ಅದಕ್ಕೆ ಅಸೂಯೆಯೂ ಇಲ್ಲ, ಸಂಯಮವೂ ಇಲ್ಲ. ನನ್ನ ಅಕ್ಕ ಎಪ್ಪತ್ತು ವರ್ಷ ಬದುಕಿದ ರೀತಿಗೂ ಅವಳ ಒಂದು ಕೋಶದಲ್ಲಿ ಒಂದು ಜೀನು ಮೂಕವಾದುದಕ್ಕೂ ಪಾಪಪುಣ್ಯದ ಸಂಬಂಧವೇನೂ ಇಲ್ಲ. ರೋಗಿಯ ದೇಹದಲ್ಲಿ ನೀತಿಯನ್ನು ಓದಹೊರಟರೆ, ಎರಡನೆಯ ಪುಟದಲ್ಲೇ ರೋಗಿ ಅಪರಾಧಿಯಾಗುತ್ತಾನೆ. ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ತಾನು ಎದೆಯ ಕ್ಯಾನ್ಸರಿನಿಂದ ನರಳಿದ ಮೇಲೆ, ರೋಗವನ್ನು ರೂಪಕವಾಗಿ ಬಳಸುವ ಚಟವನ್ನು ಖಂಡಿಸಿ 1978ರಲ್ಲಿ ಒಂದು ಪುಸ್ತಕವನ್ನೇ ಬರೆದಳು. ಅಕ್ಕ ಆ ಪುಸ್ತಕವನ್ನು ಓದಿಲ್ಲ. ಅವಳಿಗೆ ಅದರ ಅಗತ್ಯವೂ ಬೀಳಲಿಲ್ಲ.

ಹಾಗಾದರೆ ನಾನು ಓದಿದ್ದೆಲ್ಲ ವ್ಯರ್ಥವೇ? ಹಾಗೆಂದು ನನಗೆ ಅನಿಸುವುದಿಲ್ಲ. ಅಕ್ಕನ ತಕ್ಕಡಿಯಿಂದ ಗಡ್ಡೆಯನ್ನು ಇಳಿಸಿ, ನನ್ನ ತಪ್ಪನ್ನು ಮಾತ್ರ ಅಲ್ಲೇ ಬಿಟ್ಟು ನೋಡಿದೆ. ಜೀನುಗಳಿಂದ ನನಗೆ ಅಪ್ಪಣೆ ಸಿಗಲಾರದು. ಆದರೆ ಊರಿಗೆ ಬಂದವಳು ನೀರಿಗೆ ಬಂದೇ ಬರುತ್ತಾಳೆ ಎಂಬ ಮಾತು ಸೃಷ್ಟಿಯ ನಿಯಮವಲ್ಲ ಎಂಬುದಕ್ಕೆ ಅವು ಸಾಕ್ಷಿ ಹೇಳಬಲ್ಲವು. ನಾನು ಮೂವತ್ತು ವರ್ಷ ಆ ಗಾದೆಯ ನೆರಳಿನಲ್ಲಿ ಅಡಗಿಕೊಂಡಿದ್ದೆ. ಹೊಟ್ಟೆಕಿಚ್ಚು ಹುಟ್ಟಿತು, ಹುಟ್ಟಿದ ಮೇಲೆ ಮಾತು ಹೊರಬಿತ್ತು, ಏನು ಮಾಡುವುದು ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹುಟ್ಟಿದ್ದು ನನ್ನ ಕೈಯಲ್ಲಿ ಇರಲಿಲ್ಲವೆಂದು ಈಗಲೂ ಹೇಳಬಲ್ಲೆ. ಹೊರಟದ್ದು ನನ್ನ ಕೈಯಲ್ಲಿತ್ತು.

ಸಂಯಮವನ್ನು ಹೊಗಳುವಾಗಲೂ ಎಚ್ಚರ ಬೇಕು. ಇದೂ ಆ ಓದಿನಿಂದಲೇ ತಿಳಿದದ್ದು. ಎನ್‌ಎಂ23 ಹಲವು ಕ್ಯಾನ್ಸರುಗಳಲ್ಲಿ ಹರಡುವಿಕೆಯನ್ನು ತಡೆದರೂ, ಮಕ್ಕಳಿಗೆ ಬರುವ ನ್ಯೂರೊಬ್ಲಾಸ್ಟೋಮ ಎಂಬ ಗಡ್ಡೆಯಲ್ಲಿ ಅದು ಹೆಚ್ಚಿದ್ದಷ್ಟೂ ರೋಗ ಉಗ್ರವಾಗಿರುವುದು ಕಂಡುಬಂದಿದೆ. ಒಂದು ಕಡೆಯ ಕಾವಲುಗಾರ ಇನ್ನೊಂದು ಕಡೆ ಕಳ್ಳರ ಜೊತೆಗಾರ. ಮನುಷ್ಯರಲ್ಲೂ ಹಾಗೆಯೇ. ಬಾಯಿ ಮುಚ್ಚಿಕೊಂಡಿರುವುದು ಎಲ್ಲ ಕಾಲಕ್ಕೂ ಗುಣವಲ್ಲ. ವಿಚಾರಣೆಯ ದಿನ ನಾನು ಎದ್ದು ನಿಂತು, "ಈ ಮಾತು ನನ್ನದು, ಸುಳ್ಳು" ಎಂದು ಹೇಳಬೇಕಾಗಿತ್ತು. ಅಂದು ನಾನು ತೋರಿಸಿದ ಮೌನಕ್ಕೆ ಸಂಯಮವೆಂದು ಹೆಸರಿಡುವಷ್ಟು ಧೈರ್ಯ ನನಗಿಲ್ಲ. ಸುಳ್ಳನ್ನು ತಡೆಯದ ನಾಲಿಗೆ ನಿಜವನ್ನು ಮಾತ್ರ ಚೆನ್ನಾಗಿ ತಡೆಯಿತು.

ಈ ಜೀನುಗಳಾವುವೂ ಕ್ಯಾನ್ಸರಿಗೆಂದೇ ಹುಟ್ಟಿದವಲ್ಲ ಎಂಬುದೂ ಗಮನಿಸತಕ್ಕದ್ದು. ಹಣ್ಣಿನ ನೊಣದಲ್ಲಿ ಎನ್‌ಎಂ23ನ ಸೋದರ ಜೀನು ಕೆಟ್ಟರೆ, ರೆಕ್ಕೆಯಾಗಬೇಕಾದ ಭಾಗದ ಮೊಳಕೆಯೇ ವಿಕಾರವಾಗುತ್ತದೆ. ಕಿಸ್ ಜೀನಿನ ಸಂದೇಶವನ್ನು ಸ್ವೀಕರಿಸುವ ಏರ್ಪಾಡು ಕೆಟ್ಟವರು ಪ್ರಾಯಕ್ಕೆ ಬರುವುದಿಲ್ಲವೆಂದು 2003ರಲ್ಲಿ ಗೊತ್ತಾಯಿತು. ಬಸುರಿಯ ಮಾಸಿನಲ್ಲಿ ಅದೇ ಜೀನು ಬಹಳ ಚುರುಕಾಗಿರುತ್ತದೆ. ಮಗುವಿನ ಕಡೆಯ ಕೋಶಗಳು ತಾಯಿಯ ಗರ್ಭಕೋಶವನ್ನು ಕೊರೆದು ಬೇರೂರಬೇಕು, ಆದರೆ ಮಿತಿ ಮೀರಬಾರದು. ಆ ಮಿತಿಯಿಡುವವರಲ್ಲಿ ಇದೂ ಒಂದು. ನಾವೆಲ್ಲ ಹುಟ್ಟಿರುವುದೇ ಹೀಗೆ, ಒಂದಿಷ್ಟು ನುಗ್ಗಿ, ಒಂದಿಷ್ಟು ನಿಂತು. ನುಗ್ಗುವ ಶಕ್ತಿಯನ್ನೇ ಬೇರುಸಹಿತ ಕಿತ್ತಿದ್ದರೆ ನಮ್ಮಲ್ಲಿ ಯಾರೂ ಇರುತ್ತಿರಲಿಲ್ಲ.

ಹರಡಿದ ಕ್ಯಾನ್ಸರುಗಳಲ್ಲಿ ಈ ಜೀನುಗಳು ಅನೇಕ ವೇಳೆ ಮುರಿದುಹೋಗಿರುವುದಿಲ್ಲ, ಮೂಕವಾಗಿರುತ್ತವೆ ಅಷ್ಟೆ. ಅಕ್ಷರ ಅಳಿಸಿಲ್ಲ, ಓದುವವರಿಲ್ಲ. ಅವನ್ನು ಮತ್ತೆ ಮಾತನಾಡಿಸಲಾದೀತೇ ಎಂದು ವಿಜ್ಞಾನಿಗಳು ಪ್ರಯತ್ನಿಸುತ್ತಿದ್ದಾರೆ. ಹಳೆಯ ಹಾರ್ಮೋನು ಔಷಧವೊಂದು ಎನ್‌ಎಂ23 ಅನ್ನು ಎಬ್ಬಿಸುವುದು ಪ್ರಯೋಗಶಾಲೆಯಲ್ಲಿ ಕಂಡಿತು. ರೋಗಿಗಳಿಗೆ ಕೊಟ್ಟಾಗ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ದಿನಬಳಕೆಯ ಚಿಕಿತ್ಸೆ ಇದರಿಂದ ಇನ್ನೂ ಬಂದಿಲ್ಲ. ಅಕ್ಕನಿಗೆ ಆಸೆ ಹುಟ್ಟಿಸುವುದಕ್ಕಾಗಿ ನಾನು ಇದನ್ನು ದೊಡ್ಡದು ಮಾಡಿ ಹೇಳಲಿಲ್ಲ.

ಹತ್ತನೆಯ ದಿನ ವರದಿ ಬಂತು. ಕಂಕುಳಿನ ಗ್ರಂಥಿಗಳಲ್ಲಿ ಒಂದರಲ್ಲಿ ಇತ್ತು. ಅದರಾಚೆಗೆ ಎಲ್ಲೂ ಕಾಣಲಿಲ್ಲ. ಔಷಧಗಳಾದವು, ಕೂದಲು ಉದುರಿತು, ಮತ್ತೆ ಬಂತು. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ. ವೈದ್ಯರು "ಹೋಯಿತು" ಎನ್ನುವುದಿಲ್ಲ. "ಸದ್ಯಕ್ಕೆ ಏನೂ ಕಾಣುವುದಿಲ್ಲ" ಎನ್ನುತ್ತಾರೆ. ಎಷ್ಟೋ ವರ್ಷ ಸುಮ್ಮನಿದ್ದು ಏಳುವ ಕೋಶಗಳುಂಟು ಎಂದು ಅಕ್ಕನಿಗೂ ಗೊತ್ತು. ಅವಳು ಮನೆಗೆ ಬಂದು ತುಳಸಿಗೆ ನೀರು ಹಾಕುತ್ತಾಳೆ, ಮೊಮ್ಮಗಳ ಜಡೆ ಹೆಣೆಯುತ್ತಾಳೆ.

ಅವಳ ಮಾತಿನ ಮೇಲೆ ನಾನೊಂದು ಕೆಲಸ ಮಾಡಿದೆ. ವರ್ಗವಾಗಿ ಹೋಗಿದ್ದ ಆ ನನ್ನ ಸಹೋದ್ಯೋಗಿ ನಿವೃತ್ತರಾಗಿ ಅದೇ ಊರಿನಲ್ಲಿ ನಿಂತಿದ್ದರು. ವಿಳಾಸ ಹುಡುಕಿ ಹೋದೆ. ಬಸ್ಸಿನಲ್ಲಿ ಆರು ಗಂಟೆ ಕುಳಿತು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಬಾಗಿಲಲ್ಲಿ ಮರೆತುಹೋದವು. "ಅಂದು ಆ ಮಾತು ಮೊದಲು ಆಡಿದವನು ನಾನು" ಎಂದಷ್ಟೇ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನಗೆ ಆಗಲೇ ಗೊತ್ತಿತ್ತು, ಸಾರ್" ಎಂದರು. "ಬಹಳ ಕೋಪ ಬಂದಿತ್ತು. ಯಾರಿಗೂ ಹೇಳಲಿಲ್ಲ, ಇವಳಿಗೂ ಹೇಳಿಲ್ಲ. ಹೇಳಿದ್ದರೆ ನಿಮ್ಮ ಮನೆಯವರು ನಮ್ಮ ಮನೆಯವರ ಮುಖ ನೋಡುವ ಹಾಗಿರುತ್ತಿರಲಿಲ್ಲ."

ಕೋಪ ಈಗ ಹೋಗಿದೆಯೇ ಎಂದು ನಾನು ಕೇಳಲಿಲ್ಲ. ಕೇಳುವ ಹಕ್ಕೂ ನನಗಿರಲಿಲ್ಲ. ಅಷ್ಟರಲ್ಲಿ ಅವರ ಮನೆಯವರು ಕಾಫಿ ತಂದರು. ಹಳೆಯ ಕಚೇರಿಯವರೆಂದು ತಿಳಿದು ಸಂತೋಷಪಟ್ಟು, ಇಷ್ಟು ದೂರ ಬಂದವರು ಊಟ ಮಾಡದೆ ಹೋಗಕೂಡದೆಂದು ಒತ್ತಾಯ ಮಾಡಿದರು. ನಾನು ಅವರ ಮುಖ ನೋಡಿದೆ. ಅವರು ಹೆಂಡತಿಯ ಕಡೆ ತಿರುಗಿ, "ಎಲೆ ಹಾಕು" ಎಂದರು.